ತೆಗ್ಗಿನ ಹೂವು

"ತಾಯಿಯವರು ದಿನಾ ಲಿಂಗಕ್ಕ ಯಾವ ಹೂವು ಏರಸ್ತಿದ್ರು?" ಎಂದು ಅಯ್ಯನವರು ನನ್ನನ್ನು ಕೇಳಿದರು.

ಯುಗಾದಿ ಮುಗಿದು ಎರಡು ವಾರವಾಗಿತ್ತು. ದಾಂಡೇಲಿಯ ರುದ್ರಭೂಮಿಯಲ್ಲಿ ಬಿಸಿಲು ಆಗಲೇ ಏರಿತ್ತು. ಗುಣಿಯೊಳಗೆ ನನ್ನ ಹೆಂಡತಿಯನ್ನು ಕೂಡಿಸಿ, ಅವಳ ಇಷ್ಟಲಿಂಗವನ್ನು ಅವಳದೇ ಎಡಗೈಯಲ್ಲಿ ಇಟ್ಟಿದ್ದರು. ವಿಭೂತಿ ಆಯಿತು, ಪತ್ರಿ ಆಯಿತು. ಇನ್ನು ಹೂವು ಏರಿಸಿದರೆ ಮಣ್ಣು ಕೊಡುವುದು. ಬದುಕಿದ್ದಾಗ ಏರಿಸುತ್ತಿದ್ದ ಹೂವೇ ಕೊನೆಗೂ ಇರಲಿ ಎಂದು ಅಯ್ಯನವರು ಕೇಳಿದ್ದರು.

"ಸೇವಂತಿಗಿ" ಎಂದೆ.

ತಂದ ಬುಟ್ಟಿಯಲ್ಲಿ ಅದೇ ಇತ್ತು. ಗುಣಿಯ ಆಚೆ ದಂಡೆಯಲ್ಲಿ ನಿಂತಿದ್ದ ಅವಳ ತಂಗಿ ತಲೆ ಎತ್ತಿ ನನ್ನನ್ನು ನೋಡಿದಳು. ಅತ್ತೂ ಅತ್ತೂ ಅವಳ ಕಣ್ಣು ಬಾತಿದ್ದವು. ಆದರೂ ಆ ನೋಟ ಅಳುವವರ ನೋಟವಾಗಿರಲಿಲ್ಲ. ಏನೋ ಹೇಳಲು ಬಾಯಿ ತೆರೆದು, ಸೆರಗಿನಿಂದ ಮುಚ್ಚಿಕೊಂಡಳು. ಅಯ್ಯನವರು ಹಳದಿ ಸೇವಂತಿಗೆಯನ್ನು ಲಿಂಗದ ಮೇಲಿಟ್ಟರು. ಹೂವು ದೊಡ್ಡದಾಯಿತು. ಲಿಂಗವೂ ಕಾಣಲಿಲ್ಲ, ಅಂಗೈಯೂ ಕಾಣಲಿಲ್ಲ.

ಅವಳು ಏರಿಸುತ್ತಿದ್ದ ಹೂವು ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಜೊತೆಗಿದ್ದೂ ಗೊತ್ತಿರಲಿಲ್ಲ. ಇದನ್ನು ಬರೆಯುವುದಕ್ಕೇ ನಾನು ಇಷ್ಟು ದಿನ ತೆಗೆದುಕೊಂಡೆ.

ನಾನು ಕಾಗದದ ಕಾರ್ಖಾನೆಯ ಕಟ್ಟಿಗೆ ಯಾರ್ಡಿನಲ್ಲಿ ಗುಮಾಸ್ತನಾಗಿದ್ದೆ. ಲಾರಿ ಬಂದು ನಿಂತರೆ ಹಗ್ಗ ಬಿಚ್ಚುವ ಮೊದಲೇ ಇದು ನೀಲಗಿರಿ, ಇದು ಅಕೇಶಿಯಾ, ಇದರ ನಡುವೆ ಸುಬಾಬುಲ್ ಸೇರಿಸಿದ್ದಾರೆ ಎಂದು ಹೇಳುತ್ತಿದ್ದೆ. ಕಡಿದು ಎಷ್ಟು ದಿನವಾಯಿತು ಎಂಬುದನ್ನು ತೊಗಟೆ ಮೂಸಿ ಹೇಳುತ್ತಿದ್ದೆ. "ಸಾಹೇಬ್ರ ಮೂಗಿಗಿ ಮೋಸ ಮಾಡಾಕ ಆಗೂದಿಲ್ರಿ" ಎಂದು ಡ್ರೈವರುಗಳು ಅನ್ನುತ್ತಿದ್ದರು. ಅದನ್ನು ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ "ಹೌದೇನ್ರಿ" ಎನ್ನುತ್ತಿದ್ದಳು.

ನಮಗೆ ಮಕ್ಕಳಾಗಲಿಲ್ಲ. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಟ್ಟ ಮೇಲೆ, ಅದರ ಹಿಂಬದಿಗೇ ಎರಡು ಕೋಣೆಯ ಮನೆ ಕಟ್ಟಿಕೊಂಡೆವು. ಮನೆಯ ಹಿಂದೆ ಒಂದು ತೆಗ್ಗು. ಕೆಳಗೆ ಕೆಂಪು ಬಂಡೆಗಲ್ಲು, ಅದರ ಮೇಲೆ ಗೇಣು ಮಣ್ಣು. ಮಳೆ ಹಿಡಿದರೆ ದೀಪಾವಳಿಯವರೆಗೂ ಅಲ್ಲಿ ನೀರು ಒಸರುತ್ತಲೇ ಇರುತ್ತದೆ. ಕಾಲಿಟ್ಟರೆ ಮೀನಖಂಡದವರೆಗೆ ಹೂಳುತ್ತದೆ. ನಾನು ಅದನ್ನು ರಾಡಿ ಎನ್ನುತ್ತಿದ್ದೆ. ಒಂದು ಲಾರಿ ಮಣ್ಣು ಹಾಕಿಸಿಬಿಡೋಣ ಎಂದು ವರ್ಷವೂ ಹೇಳುತ್ತಿದ್ದೆ. "ಹಾಕಸಬ್ಯಾಡ್ರಿ, ಇರ್ಲಿ" ಎಂದು ಅವಳು ವರ್ಷವೂ ಹೇಳುತ್ತಿದ್ದಳು.

ಶ್ರಾವಣ ಮುಗಿಯುತ್ತ ಬಂದ ಹಾಗೆ ಅವಳು ಬೆಳಿಗ್ಗೆ ಎದ್ದವಳೇ ಸ್ನಾನ ಮಾಡಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸುಣ್ಣದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಸ್ಟೀಲಿನ ಡಬ್ಬಿ ಹಿಡಿದು ತೆಗ್ಗಿಗೆ ಇಳಿಯುತ್ತಿದ್ದಳು. ಬಂದವಳು ಕಾಲು ತೊಳೆದು ನೆಟ್ಟಗೆ ಪೂಜೆಗೆ ಕೂಡುತ್ತಿದ್ದಳು. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ತೆಗ್ಗಿನಿಂದ ತಂದ ಹೂವು. ಅದು ಮುಗಿದ ಮೇಲೆಯೇ ನನ್ನ ಚಹಾ. ಮೊದಲು ಚಹಾ ಕೊಟ್ಟು ಆಮೇಲೆ ಕೂತರೆ ಏನಾಗುತ್ತದೆ ಎಂದು ನಾನು ರೇಗುತ್ತಿದ್ದೆ. "ಅಷ್ಟ ತಡೀರಿ, ಅದು ತಡಿಯೂದಿಲ್ಲ" ಎನ್ನುತ್ತಿದ್ದಳು. ಯಾವುದು ತಡೆಯುವುದಿಲ್ಲ ಎಂದು ನಾನು ಕೇಳಲಿಲ್ಲ.

ಒಮ್ಮೆ ಅವಳು ಕಾಲು ತೊಳೆಯಲು ಹೋದಾಗ, ಡಬ್ಬಿಯಲ್ಲಿದ್ದದ್ದು ಕೆಸರುನೀರು ಎಂದು ಬಚ್ಚಲಿಗೆ ಚೆಲ್ಲಿಬಿಟ್ಟೆ. ಅಡಿಕೆ ಹಾಕಿಡಲು ನನಗೆ ಒಂದು ಡಬ್ಬಿ ಬೇಕಾಗಿತ್ತು. ಅವಳು ಬಚ್ಚಲ ಬಾಯಿಗೆ ಬಗ್ಗಿ ನೋಡಿದಳು. ಡಬ್ಬಿ ತೊಳೆದುಕೊಂಡು ಮತ್ತೆ ತೆಗ್ಗಿಗೆ ಹೋದಳು. ಮಳೆ ಜೋರಾಗಿತ್ತು. ಆ ದಿನ ಚಹಾ ಇನ್ನೂ ತಡವಾಯಿತು, ನಾನು ಇನ್ನೂ ರೇಗಿದೆ.

ಇನ್ನೊಮ್ಮೆ, ನಾನು ಬಾಗಿಲಲ್ಲಿ ಪೇಪರ್ ಓದುತ್ತ ಕೂತಿದ್ದಾಗ ಹೂವೊಂದನ್ನು ಬೆರಳ ತುದಿಯಲ್ಲಿ ಹಿಡಿದು ತಂದಳು. "ಇಲ್ಲಿ ನೋಡ್ರಿ, ಇದಕ್ಕ ಎಷ್ಟ ಚಂದ" ಎಂದು ಏನೋ ಹೇಳಿದಳು. ಪೇಪರಿನ ಮೇಲಂಚಿನಿಂದ ನೋಡಿ "ಹೂಂ" ಎಂದೆ. ಅವಳ ಉಗುರಿನ ಸಂದಿಯಲ್ಲಿದ್ದ ಕೆಸರು ನನಗೆ ಈಗಲೂ ಕಾಣುತ್ತದೆ. ಆ ಬೆರಳು ಹಿಡಿದಿದ್ದ ಹೂವು ಎಷ್ಟು ನೆನೆದರೂ ಕಾಣುವುದಿಲ್ಲ.

ಹೋದ ವರ್ಷದ ಭಾದ್ರಪದದಲ್ಲಿ ಅವಳನ್ನು ಧಾರವಾಡದ ದವಾಖಾನೆಗೆ ಸೇರಿಸಿದ್ದೆವು. ಒಂದು ವಾರವಾದ ಮೇಲೆ ಬಟ್ಟೆ ತರಲು ನಾನು ದಾಂಡೇಲಿಗೆ ಹೊರಟೆ.

"ಬರೂವಾಗ ತೆಗ್ಗಿನ ಹೂವು ಒಂದ ನಾಕ ತರ್ರಿ" ಎಂದಳು. "ಸಣ್ಣ ಡಬ್ಬಿ ಐತೆಲ್ಲ, ಅದರಾಗ ತರ್ರಿ."

"ತರ್ತೇನಿ ಬಿಡ."

"ಯಾವುದಂತ ಗೊತ್ತೈತೇನು?"

"ಇಷ್ಟ ವರ್ಷ ನೋಡೇನಿ. ಗೊತ್ತಿರೂದಿಲ್ಲೇನ?"

ಅವಳು ನಕ್ಕಳು. "ನೋಡ್ರಿ ಮತ್ತ. ಹುಲ್ಲ ಕಿತ್ಕೊಂಡ ಬಂದೀರಿ. ನನ್ನ ಲಿಂಗಪ್ಪ ಏನ್ ಎತ್ತಲ್ಲ, ಮೇಯಾಕ."

ಪಕ್ಕದ ಕಾಟಿನವರೂ ನಕ್ಕರು. ನಾನೂ ನಕ್ಕೆ. ಆಗಲೇ "ಯಾವುದು, ಹೇಳ" ಎಂದು ಕೇಳಬಹುದಿತ್ತು. ಅವಳು ಸಂತೋಷದಿಂದಲೇ ಹೇಳುತ್ತಿದ್ದಳು. ಇಷ್ಟು ವರ್ಷದ ಮೇಲೆ ಹೆಂಡತಿಯ ಹೂವು ಯಾವುದು ಎಂದು ಜನರ ಮುಂದೆ ಕೇಳಲು ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ತೆಗ್ಗಿನ ದಂಡೆಯವರೆಗೆ ಹೋದೆ. ಮಳೆ ಹನಿಯುತ್ತಿತ್ತು. ಇಸ್ತ್ರಿ ಮಾಡಿದ ಪ್ಯಾಂಟು, ಕಾಲಲ್ಲಿ ಚರ್ಮದ ಚಪ್ಪಲಿ. ಮೇಲಿಂದ ನೋಡಿದರೆ ಹುಲ್ಲೇ ಹುಲ್ಲು. ನಡುವೆ ಅಲ್ಲಲ್ಲಿ ಬಣ್ಣದ ಚುಕ್ಕೆಗಳಿದ್ದವು. ಬಸ್ಸಿನ ಹೊತ್ತಾಗುತ್ತದೆ ಎಂದು ಹೊಳ್ಳಿ ಬಂದೆ. ಹಳಿಯಾಳದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಹತ್ತಿರದ ಕೆರೆಯ ತುಂಬ ಅಂತರಗಂಗೆ ನೇರಳೆ ಗೊಂಚಲಾಗಿ ಅರಳಿತ್ತು. ನೀರಿನ ಹೂವು, ನೋಡಲೂ ಚೆಂದ, ಇದೇ ಇರಬಹುದು ಎಂದುಕೊಂಡೆ. ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ ಎನ್ನುವುದು ಹೆಚ್ಚು ಸರಿ. ದಂಡೆಯ ಮೇಲೆ ನಿಂತೇ ಛತ್ರಿಯ ಹಿಡಿಕೆಯಿಂದ ಒಂದು ಗಿಡ ಎಳೆದುಕೊಂಡು, ಎರಡು ಗೊಂಚಲು ಮುರಿದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ. ಕಾಲಿಗೆ ಒಂದು ಹನಿಯೂ ತಾಗಲಿಲ್ಲ.

"ನಮ್ಮ ತೆಗ್ಗಿನಾಗಿಂದ" ಎಂದು ಅವಳ ಕೈಗೆ ಕೊಟ್ಟೆ.

ಅವಳು ಹೂವು ನೋಡಿದಳು. ಆಮೇಲೆ ಬಗ್ಗಿ ನನ್ನ ಚಪ್ಪಲಿ ನೋಡಿದಳು. "ಡಬ್ಬಿ?" ಎಂದಳು.

"ಮರ್ತೆ."

"ಇರ್ಲಿ ಬಿಡ್ರಿ. ಚಲೋ ಆತು."

ಪೂಜೆಗೆ ಕೂತಾಗ ಗೊಂಚಲಿನಿಂದ ಒಂದೇ ಒಂದು ಎಸಳನ್ನು ಚಿವುಟಿ ಲಿಂಗದ ಮೇಲಿಟ್ಟಳು. ಉಳಿದದ್ದನ್ನು ಲೋಟದ ನೀರಿನಲ್ಲಿಟ್ಟು, ಬಂದ ನರ್ಸಿಗೆ "ನಮ್ಮ ಮನಿಯವ್ರು ತಂದಾರ" ಎಂದು ತೋರಿಸಿದಳು. ಮೂರು ದಿನ ಅದು ಅಲ್ಲಿಯೇ ಇತ್ತು. ಬಂದವರಿಗೆಲ್ಲ ತೋರಿಸಿದಳು. ನಾನು ಉಬ್ಬಿಹೋಗಿದ್ದೆ.

ಚೈತ್ರದಲ್ಲಿ ಅವಳು ಹೋದ ಹನ್ನೆರಡನೆಯ ದಿನ ತಂಗಿ ಸೀರೆಗಳನ್ನೂ ಪೂಜೆಯ ಬಟ್ಟೆಯ ಗಂಟನ್ನೂ ತೇರಗಾಂವದ ತನ್ನ ಮನೆಗೆ ಒಯ್ಯಲು ಕಟ್ಟುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು: "ಮಾಮಾ, ಅಕ್ಕ ತೆಗ್ಗಿನ ಹೂವು ಏರಸ್ತಿದ್ಳು. ನೀವು ಯಾಕ ಸೇವಂತಿಗಿ ಅಂದ್ರಿ?"

"ಬ್ಯಾಸಗ್ಯಾಗ ತೆಗ್ಗ ಒಣಗಿರತೈತಿ. ಎಲ್ಲಿಂದ ತರೂದವ್ವಾ?"

"ಅದೂ ಖರೇ" ಎಂದಳು.

ಖರೆಯೇ. ಚೈತ್ರದಲ್ಲಿ ಆ ತೆಗ್ಗಿನಲ್ಲಿ ಬಿರುಕು ಬಿಟ್ಟ ಮಣ್ಣು ಬಿಟ್ಟು ಏನೂ ಇರುವುದಿಲ್ಲ. ಆ ಖರೆಯ ಮರೆಯಲ್ಲಿ ನಾನು ಅಡಗಿಕೊಂಡೆ. ಆ ದಿನವೇ ನಿಶ್ಚಯ ಮಾಡಿದೆ. ಮಳೆ ಬರಲಿ, ಆ ಹೂವು ಯಾವುದು ಎಂದು ಪತ್ತೆ ಮಾಡಿ, ಅವಳ ಗುಣಿಯ ಮೇಲೆ ಇಟ್ಟು ಬರುತ್ತೇನೆ. ಯಾರನ್ನೂ ಕೇಳದೆ ಪತ್ತೆ ಮಾಡುತ್ತೇನೆ ಎಂದುಕೊಂಡಿದ್ದೆ. ತಂಗಿಯನ್ನಂತೂ ಕೇಳಬಾರದು ಎಂದಿತ್ತು.

ಮಳೆಗಾಲವೆಲ್ಲ ಕಾದೆ. ಗಣಪತಿ ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಪ್ಯಾಂಟು ಮಡಚಿ, ಬರಿಗಾಲಿನಲ್ಲಿ, ಅವಳ ಡಬ್ಬಿ ಹಿಡಿದು ತೆಗ್ಗಿಗೆ ಇಳಿದೆ. ನಾಲ್ಕು ಹೆಜ್ಜೆಗೆ ಒಂದು ಕಾಲು ಹೂತು, ಎಳೆಯಲು ಹೋಗಿ ಕುಂಡಿಯ ಮೇಲೆ ಬಿದ್ದೆ. ಯಾರೂ ನೋಡಲಿಲ್ಲ. ಬಿದ್ದದ್ದು ಒಳ್ಳೆಯದೇ ಆಯಿತು. ನಿಂತವನ ಕಣ್ಣಿಗೆ ಕಾಣದ್ದು ಕೂತವನಿಗೆ ಕಂಡಿತು.

ಮೇಲಿಂದ ಹುಲ್ಲು ಎಂದು ನೋಡಿದ್ದೆಲ್ಲ ಹುಲ್ಲಾಗಿರಲಿಲ್ಲ. ಸೂಜಿಯಷ್ಟು ತೆಳ್ಳಗಿನ ಕಡ್ಡಿಯ ತುದಿಯಲ್ಲಿ ಅಂಗಿಯ ಗುಂಡಿಯಂಥ ಬಿಳಿ ಹೂವುಗಳು. ಒಂದು ಹಳದಿ, ಮೂರೇ ಎಸಳು. ನೆಲಕ್ಕೆ ಹತ್ತಿಕೊಂಡಂತೆ ತಿಳಿಗುಲಾಬಿ ಬಣ್ಣದ್ದೊಂದು. ಇನ್ನೊಂದು ನೇರಳೆ. ನೀರು ಹರಿಯುವ ಕಡೆ, ಎಲೆಯೇ ಇಲ್ಲದ ಕಡ್ಡಿಗಳ ಮೇಲೆ, ಒಂದು ನೀಲಿ. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಐದು ಬಗೆ. ಸೇವಂತಿಗೆ ಲಿಂಗವನ್ನು ಮುಚ್ಚಿದ್ದು ನೆನಪಿತ್ತಲ್ಲ, ಅಂಗೈಯ ಲಿಂಗದ ಮೇಲೆ ಕೂಡುವಷ್ಟು ಸಣ್ಣದು ಯಾವುದೋ ಅದೇ ಅವಳ ಹೂವು ಎಂದು ಲೆಕ್ಕ ಹಾಕಿಕೊಂಡು ಬಂದಿದ್ದೆ. ಇಲ್ಲಿ ಐದೂ ಕೂಡುವಂತಿದ್ದವು. ಯಾರ್ಡಿನಲ್ಲಿ ಅಷ್ಟು ವರ್ಷ ತೊಗಟೆ ಮೂಸಿದ ಮೂಗನ್ನು ಒಂದೊಂದಕ್ಕೂ ಹಚ್ಚಿ ನೋಡಿದೆ. ಯಾವುದಕ್ಕೂ ವಾಸನೆಯಿಲ್ಲ.

ಐದನ್ನೂ ಬೇರು ಸಮೇತ ಕಿತ್ತು, ಕೆಸರು ಬಿಡಲಿ ಎಂದು ಡಬ್ಬಿಗೆ ತೆಗ್ಗಿನ ನೀರು ತುಂಬಿ, ಹಳಿಯಾಳದ ಬಸ್ಸು ಹತ್ತಿದೆ. ಅಲ್ಲಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರೊಬ್ಬರು ಇದ್ದಾರೆಂದು ಕೇಳಿದ್ದೆ. ಜೋಯಿಡಾ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು.

"ಬರ್ರಿ, ಕುಂದರ್ರಿ. ಏನ್ ತಂದೀರಿ?" ಎಂದರು. ಡಬ್ಬಿಯ ನೀರು ಚೆಲ್ಲಿ, ಹೂವುಗಳನ್ನು ಬಿಳಿ ಹಾಳೆಯ ಮೇಲೆ ಸಾಲಾಗಿ ಹರಡಿದರು. ಒಂದೊಂದರ ಹೆಸರನ್ನೂ ಹೇಳಿದರು. ನನಗೆ ಒಂದೂ ತಲೆಯಲ್ಲಿ ನಿಲ್ಲಲಿಲ್ಲ.

"ಇವುಗಳಾಗ ಯಾವುದರ ಹೆಸರು ಬೇಕಾಗಿತ್ರಿ ನಿಮಗ?"

"ಅದ ಗೊತ್ತಿಲ್ರಿ ಸರ್."

"ಹಂಗಂದ್ರ?"

ಹೇಳಿದೆ. ಅವರು ನಗಲಿಲ್ಲ. ನಗಬಹುದು ಎಂದು ನಾನು ಕಾಯುತ್ತಿದ್ದೆ. ಭೂತಗನ್ನಡಿ ಕೊಟ್ಟು, "ಇರ್ಲಿ, ಎಲ್ಲಾನೂ ಒಮ್ಮೆ ಸರಿಯಾಗಿ ನೋಡ್ರಿ" ಎಂದರು. ನೀಲಿ ಹೂವು ಗಾಜಿನ ಕೆಳಗೆ ಬಂದಾಗ ನನಗೆ ಅದು ಮುಖದಂತೆ ಕಂಡಿತು. ಮೇಲೊಂದು ಸಣ್ಣ ತುಟಿ, ಕೆಳಗೊಂದು ಅಗಲ ತುಟಿ, ಹಿಂದಕ್ಕೆ ಚೂಪಾಗಿ ಇಳಿದ ಒಂದು ಕೊಕ್ಕೆ. ಬೇರಿನಂಥ ಎಳೆಗಳಿಗೆ ಗಸಗಸೆಗಿಂತ ಸಣ್ಣ ಚೀಲಗಳು ಅಂಟಿದ್ದವು.

"ಇದು ಹುಳ ತಿನ್ನೂ ಗಿಡ ನೋಡ್ರಿ" ಎಂದರು. "ಕೆಸರಿನ್ಯಾಗ ಸತ್ವ ಇರೂದಿಲ್ಲ. ಅದಕ್ಕ ಈ ಚೀಲದಾಗ ಸಣ್ಣ ಸಣ್ಣ ಹುಳ ಹಿಡಿತೈತಿ. ಯುಟ್ರಿಕ್ಯುಲೇರಿಯಾ ಅಂತಾರ. ನಮ್ಮ ಕಡೆ ಹೆಂಗಸರು ಸೀತಾದೇವಿ ಕಣ್ಣೀರು ಅಂತಾರ."

"ಹಂಗಾದ್ರ ಇದಲ್ರಿ" ಎಂದೆ. "ನಮ್ಮ ಮನ್ಯಾಗ ಒಂದು ಇರವಿ ಸತ್ತರೂ ಅಕಿ ಶಿವಾ ಶಿವಾ ಅಂತಿದ್ಳು. ಹುಳಾ ತಿನ್ನೂದನ್ನ ಲಿಂಗಕ್ಕ ಏರಸ್ತಾಳೇನ್ರಿ?"

"ಅವರಿಗೆ ಇದು ಗೊತ್ತಿರಬೇಕಲ್ರಿ?" ಎಂದರು ಅವರು. ಆಮೇಲೆ ಮೆತ್ತಗೆ, "ನಾ ಹೆಸರು ಹೇಳಬಹುದು. ಅವರದು ಯಾವುದಂತ ಅವರನ್ನ ನೋಡಿದವರ ಹೇಳಬೇಕು" ಎಂದರು.

ಅವಳನ್ನು ನೋಡಿದವನು ನಾನೇ ಅಲ್ಲವೇ? ಹೂವುಗಳನ್ನು ಒಣ ಡಬ್ಬಿಗೆ ಹಾಕಿ ಮುಚ್ಚಿಕೊಂಡು ಹೊರಗೆ ಬಂದೆ. ಬಸ್ ನಿಲ್ದಾಣದಲ್ಲಿ ದಾಂಡೇಲಿಯ ಬಸ್ಸು ನಿಂತಿತ್ತು. ಅದನ್ನು ಬಿಟ್ಟೆ. ಆಮೇಲೆ ತೇರಗಾಂವದ ಬಸ್ಸು ಬಂತು. ಹತ್ತಿದೆ.

ತಂಗಿ ಅಂಗಳದಲ್ಲಿ ಶೇಂಗಾ ಹರಡುತ್ತಿದ್ದಳು. ಕೆಸರು ಹತ್ತಿದ ನನ್ನ ಪ್ಯಾಂಟು ನೋಡಿ, "ಯಾಕ ಮಾಮಾ, ಎಲ್ಲಿ ಬಿದ್ರಿ?" ಎಂದಳು. ನೀರು ಕೊಟ್ಟಳು. ನಾನು ಡಬ್ಬಿ ಮುಂದಿಟ್ಟೆ. ಡಬ್ಬಿಯ ಗುರುತು ಅವಳಿಗೆ ಹತ್ತಿತು. ಮುಚ್ಚಳ ತೆಗೆದು ಬೆರಳಿನಿಂದ ಕೆದರಿದಳು. ಬಿಳಿ ಗುಂಡಿಗಳು ಹಾಗೆಯೇ ಇದ್ದವು. ಉಳಿದವು ಬಾಡಿದ್ದರೂ ಗುರುತು ಸಿಗುವಂತಿದ್ದವು.

"ಇದ್ರಾಗ ಅಕ್ಕಂದು ಯಾವುದವ್ವಾ? ನನಗ ಗೊತ್ತಿಲ್ಲ" ಎಂದೆ. ತಲೆ ತಗ್ಗಿಸಿಯೇ ಹೇಳಿದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ "ಬಾಲದ ಹೂವು ಇಲ್ಲೇನು?" ಎಂದು ಡಬ್ಬಿಯನ್ನು ಬೆಳಕಿಗೆ ಹಿಡಿದಳು. "ಐತಿ, ಐತಿ. ಸತ್ತ ಹೋಗೈತಿ ಪಾಪ." ತಳದಲ್ಲಿ ಒದ್ದೆ ನೂಲಿನಂತೆ ಏನೋ ಅಂಟಿತ್ತು. ನೀಲಿಯ ಒಂದು ಕಲೆ. "ಇದ ನೋಡ್ರಿ ಅಕ್ಕಂದು. ಹಿಂದ ಬಾಲ ಇರ್ತೈತಿ, ಅದಕ್ಕ ಬಾಲದ ಹೂವು ಅಂತಿದ್ಳು. ನೀರು ಹಾಕ್ಕೊಂಡ ತರಬೇಕ್ರಿ ಮಾಮಾ. ನೀರ ಬಿಟ್ರ ಒಂದು ತಾಸನೂ ತಡಿಯೂದಿಲ್ಲ ಇದು."

ಒಳಗೆ ಹೋಗಿ ಪೂಜೆಯ ಗಂಟು ತಂದಳು. ಲಿಂಗ ಒರೆಸುವ ಬಿಳಿ ಅರಿವೆಯನ್ನು ಬಿಚ್ಚಿದಳು. ಅದರ ತುಂಬ ಜೋಳದ ಕಾಳಿನಷ್ಟು ನೀಲಿ ಚುಕ್ಕೆಗಳು. ಎಷ್ಟು ಒಗೆದರೂ ಹೋಗದೆ ಉಳಿದವು. ಆ ಅರಿವೆಯನ್ನು ನಾನು ದಿನವೂ ಹಗ್ಗದ ಮೇಲೆ ನೋಡಿದ್ದೆ. ಹಳೆಯದಾಗಿದೆ, ಬೇರೆ ತಗೋಬಾರದೇ ಎಂದೂ ಅಂದಿದ್ದೆ.

ನನಗೆ ಮೊದಲು ನೆನಪಾದದ್ದು ಚಹಾ. ಅದು ತಡೆಯುವುದಿಲ್ಲ ಎಂದು ಅವಳು ಹೇಳುತ್ತಿದ್ದದ್ದು. ಆಮೇಲೆ ದವಾಖಾನೆ ನೆನಪಾಯಿತು. ಡಬ್ಬಿ ಎಲ್ಲಿ ಎಂದು ಕೇಳಿದ್ದಳು. ನಾನು ಹೇಳಿದ ಪ್ರಕಾರ ದಾಂಡೇಲಿಯಿಂದ ಧಾರವಾಡಕ್ಕೆ ಎರಡು ತಾಸಿಗೂ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ, ನೀರಿಲ್ಲದೆ, ನಗುನಗುತ್ತ ಬಂದ ಹೂವು. ಅವಳು ಬಣ್ಣ ನೋಡಬೇಕಾಗಿರಲಿಲ್ಲ, ಗಾತ್ರ ನೋಡಬೇಕಾಗಿರಲಿಲ್ಲ. ಚೀಲ ನೋಡಿದ ಕೂಡಲೇ ಗೊತ್ತಾಗಿರಬೇಕು.

"ದವಾಖಾನ್ಯಾಗ ನಾ ಒಯ್ದದ್ದು ಇದಲ್ಲವ್ವಾ" ಎಂದೆ.

"ಗೊತ್ತೈತ್ರಿ."

"ಹೆಂಗ?"

"ಅಕ್ಕ ಅವತ್ತ ಫೋನ್ ಮಾಡಿದ್ಳು. ನಕ್ಕೋತ ಹೇಳಿದ್ಳು. ನಿಮ್ಮ ಮಾಮಾ ಅಂತರಗಂಗಿ ತಂದಾರ ನೋಡ, ಲಿಂಗದ ಮ್ಯಾಲ ಟೊಪ್ಪಿಗಿ ಹಾಕಿದಂಗ ಆಗ್ತೈತಿ ಅಂದ್ಳು." ಅವಳೂ ನಕ್ಕಳು, ನಕ್ಕು ಕಣ್ಣು ಒರೆಸಿಕೊಂಡಳು. "ಈ ವಯಸ್ಸಿನ್ಯಾಗ ಕೆರಿಗಿ ಇಳದಾರ, ಜಾರಿ ಬಿದ್ದಿದ್ರ ಏನ್ ಗತಿ ಅಂತನೂ ಅಂದ್ಳು. ನೀ ಏನೂ ಕೇಳಬ್ಯಾಡ, ಅವರಿಗಿ ನಾಚಿಕಿ ಆಗ್ತೈತಿ ಅಂದಿದ್ಳು. ಅದಕ್ಕ ಗುಣಿ ಮುಂದನೂ ನಾ ಬಾಯಿ ಬಿಡ್ಲಿಲ್ಲ. ಆಮ್ಯಾಲ ಒಮ್ಮೆ ತಡಿಲಾರದ ಕೇಳಿದೆ, ಅಷ್ಟ."

ಕೆರೆಗೆ ಇಳಿದಿದ್ದಾರೆ. ತಂಗಿ ಅದನ್ನು ಈಗಲೂ ನಂಬಿದ್ದಳು. ಆದರೆ ಅವಳ ಅಕ್ಕ ಆ ದಿನ ಬಗ್ಗಿ ನನ್ನ ಚಪ್ಪಲಿ ನೋಡಿದ್ದಳು. ಅವು ಒಣಗಿಯೇ ಇದ್ದವು, ಕೆಸರಿನ ಕಲೆಯೂ ಇರಲಿಲ್ಲ. ಒಣ ಚಪ್ಪಲಿ ನೋಡಿದವಳೇ ತಂಗಿಗೆ ಫೋನ್ ಮಾಡಿ, ಕೆರೆಗೆ ಇಳಿದಿದ್ದಾರೆ ಎಂದು ನನ್ನ ಪರವಾಗಿ ಹೇಳಿದ್ದಳು. ಅದನ್ನು ತಂಗಿಗೆ ಹೇಳಬೇಕೆಂದು ಬಾಯಿಯವರೆಗೆ ಬಂತು. ಹೇಳಲಾಗಲಿಲ್ಲ. ಅವಳು ಶೇಂಗಾ ಹುರಿದು ಪೊಟ್ಟಣ ಕಟ್ಟಿಕೊಟ್ಟಳು. ನಾಳೆ ಆ ಹೂವನ್ನು ಗುಣಿಯ ಮೇಲೆ ಇಡುತ್ತೇನೆ ಎಂದಷ್ಟೇ ಹೇಳಿ, ತೆಗೆದುಕೊಂಡು ಬಂದೆ. ಹೇಳದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಅವಳು ಓದಲಿ.

ಮರುದಿನ ಬೆಳಿಗ್ಗೆ ಮತ್ತೆ ತೆಗ್ಗಿಗೆ ಇಳಿದೆ. ಈ ಸಲ ನೀಲಿಯ ಕಡೆಗೇ ನಡೆದೆ. ಹುಳ ತಿನ್ನುತ್ತದೆಯೋ ಬಿಡುತ್ತದೆಯೋ, ಅವಳ ಅಂಗೈಯಲ್ಲಿ ಇದ್ದದ್ದು ಇದೇ. ನಾಲ್ಕು ಹೂವು ಬಿಡಿಸಿ, ಡಬ್ಬಿಯ ಅರ್ಧದವರೆಗೆ ಅಲ್ಲಿಯ ನೀರನ್ನೇ ತುಂಬಿ, ಪ್ಯಾಂಟು ಬದಲಿಸದೆ ರುದ್ರಭೂಮಿಗೆ ನಡೆದೆ. ಬೆಳಗಿನ ಹೊತ್ತು, ಯಾರೂ ಇರಲಿಲ್ಲ. ಗುಣಿಯ ಮಣ್ಣು ಮಳೆಗೆ ಕುಸಿದು ಹುಲ್ಲು ಬೆಳೆದಿತ್ತು. ಹುಲ್ಲು ಸರಿಸಿ, ಅವಳ ಎಡಗೈ ಇರಬಹುದಾದ ಕಡೆ ಅಂದಾಜು ಮಾಡಿ, ನಾಲ್ಕನ್ನೂ ಇಟ್ಟೆ. ಅಷ್ಟು ದೊಡ್ಡ ಮಣ್ಣಿನ ಮೇಲೆ ಅವು ಇದ್ದೂ ಇಲ್ಲದಂತಿದ್ದವು. ನಾನು ಎದ್ದು ನಿಲ್ಲುವ ಹೊತ್ತಿಗೇ ಅಂಚು ಮುದುಡಲು ಶುರುವಾಗಿತ್ತು.

ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ತಂಗಿಯ ಫೋನ್ ಬಂತು.

"ಇಟ್ರೇನ್ ಮಾಮಾ?"

"ಇಟ್ಟೆನವ್ವಾ. ನೀರಾಗ ಒಯ್ದಿದ್ದೆ."

"ಬಾಲ ಕೆಳಗ ಮಾಡಿ ಇಟ್ರಿ ಹೌದಿಲ್ಲೋ? ಅಕ್ಕ ಬಾಲ ಊರಿ ಇಡ್ತಿದ್ಳು, ಹೂವು ನೆಟ್ಟಗ ನಿಂತು ತನ್ನ ಕಡೆ ನೋಡೂವಂಗ."

ನಾನು ಅವನ್ನು ಮಣ್ಣಿನ ಮೇಲೆ ಸುಮ್ಮನೆ ಹಾಕಿ ಬಂದಿದ್ದೆ. ಬಾಲ ಯಾವ ಕಡೆ ಇತ್ತೋ ನೋಡಿರಲಿಲ್ಲ. ಹೂಂ ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂತು.

"ನೋಡ್ಲಿಲ್ಲವ್ವಾ" ಎಂದೆ. "ನಾಳೆ ಮತ್ತ ಹೋಗ್ತೇನಿ."